ಎಳೆತದ ಪರ್ಯಾಯಪದಗಳು: ‘ಬೌಸ್’ ಎಂಬ ನಾವಿಕ ಕ್ರಿಯಾಪದ ಮತ್ತು ನಿಘಂಟಿನ ಹೊಣೆ

ಸಮಾನಾರ್ಥಕ ಪದ ಎಂಬ ಕಲ್ಪನೆ ನಿಘಂಟಿನ ಪುಟದಲ್ಲಿ ನಿಲ್ಲುವಷ್ಟು ಗಟ್ಟಿಯಾಗಿ ಕಸುಬಿನ ನೆಲದಲ್ಲಿ ನಿಲ್ಲುವುದಿಲ್ಲ. ಕವಿಗೆ ಕಮಲವೂ ಅರವಿಂದವೂ ತಾವರೆಯೂ ಒಂದೇ ಹೂವಿನ ಹೆಸರುಗಳು. ಛಂದಸ್ಸಿನ ಅನುಕೂಲಕ್ಕೆ ತಕ್ಕಂತೆ ಒಂದರ ಬದಲು ಇನ್ನೊಂದನ್ನು ಇಟ್ಟರೆ ಹೂವು ಬದಲಾಗದು. ಆದರೆ ದುಡಿಯುವ ಕೈಗೆ ‘ಎಳೆ’, ‘ಜಗ್ಗು’, ‘ಸೇದು’ ಎಂಬವು ಒಂದೇ ಕೆಲಸದ ಮೂರು ಹೆಸರುಗಳಲ್ಲ; ಮೂರು ಬೇರೆ ಕೆಲಸಗಳು. ಈ ಭೇದವನ್ನು ತಿಳಿಯಲು ಇಂಗ್ಲಿಷ್ ನಾವಿಕರ ಭಾಷೆಯಲ್ಲಿರುವ ‘ಬೌಸ್’ ಎಂಬ ಅಪರೂಪದ ಕ್ರಿಯಾಪದವೊಂದು ಒಳ್ಳೆಯ ನಿದರ್ಶನ. ಸಾಮಾನ್ಯ ಓದುಗನಿಗೆ ಆ ಪದ ಹಾಯಿಹಡಗುಗಳ ಕಾಲದ ಕಾದಂಬರಿಗಳಲ್ಲಲ್ಲದೆ ಬೇರೆಡೆ ಎದುರಾಗುವುದು ಕಡಿಮೆ. ಎದುರಾದಾಗ ನಿಘಂಟನ್ನು ತೆರೆದರೆ ‘ಎಳೆ, ಸೆಳೆ, ಜಗ್ಗು’ ಎಂಬಂಥ ಪದಗಳ ಸಾಲು ಸಿಕ್ಕೀತು. ಆ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದರಿಂದ ತಿಳಿಯಬೇಕಾದದ್ದು ಏನೂ ತಿಳಿಯುವುದಿಲ್ಲ.

‘ಬೌಸ್’ ಎಂದರೆ ಬರಿಯ ಎಳೆತವಲ್ಲ; ರಾಟೆಗಳ ಮೂಲಕ ಹಗ್ಗ ಹಾಯಿಸಿ, ಆ ಹಗ್ಗದ ತುದಿಯನ್ನು ಎಳೆದು, ಒಂದು ವಸ್ತುವನ್ನು ಬೇಕಾದಲ್ಲಿಗೆ ತರುವುದು ಅಥವಾ ಬಿಗಿಗೊಳಿಸುವುದು. ಹಡಗಿನವರು ‘ಟ್ಯಾಕಲ್’ ಎಂದು ಕರೆಯುವ ಈ ಜೋಡಣೆಯಲ್ಲಿ ಸಾಮಾನ್ಯವಾಗಿ ಎರಡು ರಾಟೆಗೂಡುಗಳಿರುತ್ತವೆ. ಒಂದು ಹಡಗಿನ ಸ್ಥಿರಭಾಗಕ್ಕೆ, ಇನ್ನೊಂದು ಎಳೆಯಬೇಕಾದ ವಸ್ತುವಿಗೆ ಕಟ್ಟಿರುತ್ತದೆ. ವಸ್ತುವಿನ ಕಡೆಯ ರಾಟೆಗೂಡಿನ ಮೇಲೆ ಹಗ್ಗದ ನಾಲ್ಕು ಎಳೆಗಳು ಭಾರ ಹೊತ್ತಿದ್ದರೆ, ಉಜ್ಜುವಿಕೆಯ ನಷ್ಟವನ್ನು ಬಿಟ್ಟು, ಎಳೆಯುವವನ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ ವಸ್ತು 1 ಮಾರು ಸರಿಯಬೇಕಾದರೆ 4 ಮಾರು ಹಗ್ಗವನ್ನು ಎಳೆಯಬೇಕಾಗುತ್ತದೆ. ಹೀಗೆ ‘ಬೌಸ್’ ಎಂಬ ಧಾತುವಿನೊಳಗೆ ಒಂದು ಯಂತ್ರವಿದೆ, ಒಂದು ಲೆಕ್ಕವಿದೆ, ನಿಧಾನವಾದ ಆದರೆ ಬಿಗಿಯಾದ ಒಂದು ಗತಿಯಿದೆ. ‘ಎಳೆ’ ಎಂಬ ಒಂದು ಅರ್ಥವನ್ನು ಕೊಟ್ಟೊಡನೆ ಈ ಮೂರೂ ಕಳಚಿಬೀಳುತ್ತವೆ.

ಈ ಪದವನ್ನು ರಾಟೆಹಗ್ಗದ ಸಮೇತ ದಾಖಲಿಸಿದವರಲ್ಲಿ ವಿಲಿಯಂ ಫಾಲ್ಕನರ್ ಮುಖ್ಯನಾದವನು. ಸ್ಕಾಟ್ಲೆಂಡಿನ ಈ ನಾವಿಕ ತಾನು ಕಂಡುಂಡ ಹಡಗೊಡೆತವನ್ನು ಕುರಿತು 1762ರಲ್ಲಿ ಕಾವ್ಯವೊಂದನ್ನು ಪ್ರಕಟಿಸಿದ್ದ. 1769ರಲ್ಲಿ ಅವನ ಸಾಗರಯಾನದ ಪದಕೋಶ ಹೊರಬಂದಿತು. ಅದೇ ವರ್ಷ ಅವನು ‘ಅರೋರಾ’ ಎಂಬ ಹಡಗಿನಲ್ಲಿ ಭಾರತಕ್ಕೆ ಹೊರಟ. ಕೇಪ್ ಆಫ್ ಗುಡ್ ಹೋಪ್ ಬಿಟ್ಟ ಮೇಲೆ ಆ ಹಡಗಿನ ಸುಳಿವೇ ಸಿಗಲಿಲ್ಲ. ಪದಗಳನ್ನು ದಡ ಸೇರಿಸಿ ಕೋಶಕಾರ ಕಡಲು ಸೇರಿದ. ಫಾಲ್ಕನರ್ ಕೋಶದ ಹಿರಿಮೆಯಿರುವುದು ಅದರ ಗಾತ್ರದಲ್ಲಲ್ಲ. ಅದು ಪದಕ್ಕೆ ಪದವನ್ನು ಕೊಟ್ಟು ಸುಮ್ಮನಾಗದೆ, ಪದಕ್ಕೆ ಕೆಲಸವನ್ನು ಕೊಟ್ಟಿತು. ಯಾವ ಹಗ್ಗ, ಯಾವ ಸಾಧನ, ಏತಕ್ಕಾಗಿ ಎಂಬುದನ್ನು ಹೇಳದೆ ಅದು ಕ್ರಿಯಾಪದವನ್ನು ಬಿಡುವುದಿಲ್ಲ. ಕೋಶಕಾರ ಸ್ವತಃ ಹಗ್ಗ ಹಿಡಿದವನಾಗಿದ್ದುದರಿಂದ ಇದು ಸಾಧ್ಯವಾಯಿತು.

‘ಬೌಸ್’ ಪದದ ಬಳಗವನ್ನು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ‘ಹಾಲ್’ ಎಂಬುದು ಹಗ್ಗವನ್ನು ಎಳೆಯುವುದಕ್ಕೆ ಇರುವ ಸಾಮಾನ್ಯ ಪದ; ಫ್ರೆಂಚ್ ಮೂಲದ್ದು. ‘ಹೀವ್’ ಎಂಬುದು ಹಡಗಿನ ಸಂದರ್ಭದಲ್ಲಿ ಕ್ಯಾಪ್‌ಸ್ಟನ್ ಮೊದಲಾದ ತಿರುಗಣೆಗಳ ಸಹಾಯದಿಂದ ಎಳೆಯುವುದು. ಲಂಗರು ಎತ್ತುವಾಗ ಬಳಕೆಯಾಗುವ ಮಾತು. ‘ರೌಸ್’ ಎಂಬುದು ಇದಕ್ಕೆ ವಿರುದ್ಧ: ತಿರುಗಣೆಯಾಗಲಿ ರಾಟೆಯಾಗಲಿ ಇಲ್ಲದೆ ಅನೇಕರು ಸೇರಿ ಬರಿಗೈಯಿಂದ ದಪ್ಪ ಹಗ್ಗವನ್ನು ಎಳೆಯುವುದು. ‘ಟ್ರೈಸ್’ ಎಂದರೆ ಹಗ್ಗದಿಂದ ಎಳೆದೆತ್ತಿ ಕಟ್ಟುವುದು. ರಾಟೆಗೆ ಡಚ್ ಭಾಷೆಯಲ್ಲಿದ್ದ ಹೆಸರಿನಿಂದ ಬಂದದ್ದು. ಚಾಸರ್ ಕವಿಯಲ್ಲಿಯೇ ಈ ಕ್ರಿಯಾಪದ ಸೆಳೆದು ಕೆಡಹುವ ಅರ್ಥದಲ್ಲಿ ಬಳಕೆಯಾಗಿದೆ. ಇಂಗ್ಲಿಷಿನಲ್ಲಿ ಇಂದಿಗೂ ‘ಕ್ಷಣಾರ್ಧದಲ್ಲಿ’ ಎಂಬ ಅರ್ಥಕ್ಕೆ ಬಳಸುವ ‘ಇನ್ ಎ ಟ್ರೈಸ್’ ಎಂಬ ನುಡಿಗಟ್ಟಿನ ಹಿಂದೆ ಇರುವುದು ಇದೇ ಒಂದೆಳೆತ. ‘ವಾರ್ಪ್’ ಎಂದರೆ ದೂರದ ಕಂಬಕ್ಕೋ ಮುಂದೆ ಇಳಿಸಿದ ಲಂಗರಿಗೋ ಹಗ್ಗ ಕಟ್ಟಿ, ಹಡಗಿನ ಮೇಲೆ ನಿಂತು ಆ ಹಗ್ಗವನ್ನು ಎಳೆದು, ಹಡಗನ್ನೇ ಅತ್ತ ಸರಿಸುವುದು. ಇಲ್ಲಿ ಎಳೆಯುವವನೇ ಎಳೆತಕ್ಕೆ ಒಳಗಾಗಿ ಸಾಗುತ್ತಾನೆ.

ಎಲ್ಲಕ್ಕಿಂತ ಕುತೂಹಲದ ಸಂಗತಿ ‘ಪುಲ್’ ಎಂಬ ಅತಿ ಸಾಮಾನ್ಯ ಪದದ್ದು. ಹಳೆಯ ನಾವಿಕರ ರೂಢಿಯಲ್ಲಿ ಹಗ್ಗಕ್ಕೆ ‘ಹಾಲ್’ ಸಲ್ಲುತ್ತದೆ. ‘ಪುಲ್’ ಸಲ್ಲುವುದು ಹುಟ್ಟಿಗೆ. ದೋಣಿಯಲ್ಲಿ ಕುಳಿತವನು ಹುಟ್ಟನ್ನು ತನ್ನ ಎದೆಯತ್ತ ಎಳೆದುಕೊಳ್ಳುವುದರಿಂದ ಅವರಿಗೆ ಅದು ಎಳೆತ. ಕನ್ನಡಿಗನಿಗೆ ಇದು ಎಳೆತವೇ ಅಲ್ಲ. ಅವನು ಹುಟ್ಟು ‘ಹಾಕುತ್ತಾನೆ’. ಹಡಗಿನ ಕಥೆಯೊಂದನ್ನು ಅನುವಾದಿಸುವವನು ‘ದಡಕ್ಕೆ ಎಳೆಯಿರಿ’ ಎಂದು ಬರೆದರೆ ಓದುಗನ ಕಣ್ಣಮುಂದೆ ನೀರಿನಲ್ಲಿ ಇಳಿದು ದೋಣಿಯನ್ನು ಎಳೆಯುವ ಜನ ಕಾಣಿಸಿಕೊಳ್ಳುತ್ತಾರೆ; ‘ದಡದತ್ತ ಹುಟ್ಟು ಹಾಕಿ’ ಎಂದು ಬರೆದರೆ ಮಾತ್ರ ಅವರು ದೋಣಿಯಲ್ಲಿ ಕುಳಿತಿರುತ್ತಾರೆ. ನಿಘಂಟಿನ ಪ್ರಕಾರ ಎರಡೂ ಸರಿ; ನೀರಿನ ಪ್ರಕಾರ ಒಂದೇ ಸರಿ.

ಈ ಬಳಗವನ್ನು ಬೇರ್ಪಡಿಸುವ ಪ್ರಶ್ನೆಗಳು ನಾಲ್ಕು. ಎಳೆಯುವುದು ಬರಿಗೈಯೋ ಯಂತ್ರವೋ? ಎಳೆತದ ದಿಕ್ಕು ಮೇಲಕ್ಕೋ ಕೆಳಕ್ಕೋ ಮಗ್ಗುಲಿಗೋ? ಸರಿಯುವುದು ವಸ್ತುವೋ, ಹಡಗೋ? ಎಳೆತದ ಗುರಿ ಸ್ಥಳಾಂತರವೋ, ಬಿಗಿತವೋ? ಈ ನಾಲ್ಕರಲ್ಲಿ ಒಂದಕ್ಕಾದರೂ ಉತ್ತರ ಬೇರೆಯಾದರೆ ಕ್ರಿಯಾಪದವೂ ಬೇರೆ. ಸಮಾನಾರ್ಥಕಗಳ ಪಟ್ಟಿ ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಅದು ಉತ್ತರಗಳ ನಡುವಣ ಸಾಮಾನ್ಯಾಂಶವನ್ನು ಮಾತ್ರ ಉಳಿಸಿಕೊಂಡು ವಿಶೇಷಾಂಶವನ್ನೆಲ್ಲ ಸೋಸಿ ಚೆಲ್ಲುತ್ತದೆ. ಕಸುಬಿನ ಪದವೊಂದರ ಜೀವವಿರುವುದು ಚೆಲ್ಲಿದ ಆ ಭಾಗದಲ್ಲಿಯೇ.

ಪ್ರಯೋಗದ ಕಡೆಗೆ ತಿರುಗಿದರೆ ‘ಬೌಸ್’ ಪದದ ವ್ಯಾಪ್ತಿ ತಿಳಿಯುತ್ತದೆ. ಯುದ್ಧನೌಕೆಯ ಫಿರಂಗಿಗಳು ಗಾಲಿಯುಳ್ಳ ಭಾರಿ ಮರದ ಪೀಠಗಳ ಮೇಲೆ ಕುಳಿತಿರುತ್ತಿದ್ದವು. ಬಿರುಗಾಳಿಯಲ್ಲಿ ಒಂದು ಫಿರಂಗಿ ಸಡಿಲವಾದರೂ ಅದು ಅಟ್ಟದ ಮೇಲೆ ಅತ್ತಿತ್ತ ಉರುಳಿ ಜನರನ್ನು ಅರೆಯಬಲ್ಲದು. ಆದ್ದರಿಂದ ಅದನ್ನು ಹಡಗಿನ ಪಕ್ಕೆಗೆ ರಾಟೆಹಗ್ಗಗಳಿಂದ ಬಿಗಿದು ನಿಲ್ಲಿಸುತ್ತಿದ್ದರು. ಆ ಕೆಲಸಕ್ಕೆ ಹೇಳುತ್ತಿದ್ದ ಪದ ‘ಬೌಸ್’. ಹಾಯಿಯ ಕೆಳಮೂಲೆಯನ್ನು ಕೆಳಕ್ಕೆ ಬಿಗಿಯುವುದಕ್ಕೂ ಅದೇ ಪದ. ಎರಡು ಕಡೆಯೂ ಕೊನೆಯಲ್ಲಿ ಉಳಿಯಬೇಕಾದದ್ದು ಚಲನೆಯಲ್ಲ, ಬಿಗಿತ.

ಪದಕ್ಕೆ ಇನ್ನೊಂದು ಬಾಳೂ ಇದೆ. ಕುಡಿಯುವುದು ಎಂಬರ್ಥದ, ಡಚ್ ಮೂಲದ, ‘ಬೂಜ್’ ಎಂದು ಇಂದು ಉಚ್ಚರಿಸುವ ಬೇರೊಂದು ಪದವನ್ನು ಹಿಂದೆ ಬಹುಮಟ್ಟಿಗೆ ಇದೇ ಕಾಗುಣಿತದಲ್ಲಿ ಬರೆಯುತ್ತಿದ್ದರು. ಎರಡರ ಮೂಲ ಒಂದೆಂದು ಹೇಳುವಂತಿಲ್ಲ. ಆದರೆ ನಾವಿಕರ ವಿನೋದ ಎರಡನ್ನೂ ಒಂದು ಹಗ್ಗಕ್ಕೆ ಕಟ್ಟಿತು. ಮುಂಭಾಗದ ತ್ರಿಕೋನ ಹಾಯಿಯನ್ನು ‘ಬೌಸ್’ ಮಾಡುವುದೆಂದರೆ ಮದ್ಯ ಹೀರುವುದೆಂಬ ಹಾಸ್ಯದ ನುಡಿಗಟ್ಟನ್ನು ಅಡ್ಮಿರಲ್ ಸ್ಮಿತ್ ಅವರ 1867ರ ನಾವಿಕಪದಕೋಶ ದಾಖಲಿಸಿದೆ. ಬಿಗಿದ ಹಗ್ಗದ ಕೊನೆಯ ಸಡಿಲನ್ನು ಅಡ್ಡಕ್ಕೆ ಸೆಳೆದು ತೆಗೆಯುವುದಕ್ಕೆ ಇಂಗ್ಲಿಷ್ ನಾವಿಕರು ಹೇಳುವ ‘ಸ್ವಿಗ್’ ಎಂಬ ಪದಕ್ಕೂ ಗುಟುಕರಿಸುವುದೆಂಬ ಅರ್ಥವಿದೆ. ಎಳೆತಕ್ಕೂ ಒಳಕ್ಕೆ ತೆಗೆದುಕೊಳ್ಳುವುದಕ್ಕೂ ಇರುವ ಈ ನಂಟು ಕನ್ನಡಕ್ಕೆ ಹೊಸತಲ್ಲ. ಬಾವಿಯಿಂದ ನೀರು ಸೇದುವ ಅದೇ ಧಾತುವಿನಿಂದ ಬೀಡಿಯನ್ನೂ ಸೇದುತ್ತಾರೆ. ತೇರನ್ನು ಎಳೆಯುವ ಧಾತುವಿನಿಂದ ಉಸಿರನ್ನೂ ನಶ್ಯವನ್ನೂ ಎಳೆದುಕೊಳ್ಳುತ್ತಾರೆ. ಬೇರೆ ಬೇರೆ ಕುಲದ ಎರಡು ಭಾಷೆಗಳು ಒಂದೇ ಹಾದಿಯಲ್ಲಿ ಅರ್ಥವನ್ನು ವಿಸ್ತರಿಸಿಕೊಂಡಿರುವುದನ್ನು ಸಮಾನಾರ್ಥಕಪಟ್ಟಿ ತೋರಿಸದು. ಪ್ರಯೋಗಪಟ್ಟಿ ಮಾತ್ರ ತೋರಿಸಬಲ್ಲದು.

ಇವೆಲ್ಲ ಹಾಯಿಹಡಗಿನ ಕಾಲಕ್ಕೆ ಸೇರಿದ ಹಳೆಯ ಸಂಗತಿಗಳು, ಇಂದಿಗೆ ಬೇಕಾದುವಲ್ಲ ಎಂಬ ಆಕ್ಷೇಪ ಬರಬಹುದು. ಹಾಗಲ್ಲ. ಇಂದಿನ ಹಡಗುಗಳ ಪಕ್ಕೆಯಲ್ಲಿ ತೂಗುಹಾಕಿರುವ ಜೀವರಕ್ಷಕ ದೋಣಿಗಳ ಒಂದು ಬಗೆಯಲ್ಲಿ ಎರಡು ಸಾಧನಗಳಿರುತ್ತವೆ: ‘ಟ್ರೈಸಿಂಗ್ ಪೆಂಡೆಂಟ್’ ಮತ್ತು ‘ಬೌಸಿಂಗ್ ಟ್ಯಾಕಲ್’. ದೋಣಿಯನ್ನು ಜನ ಹತ್ತುವ ಅಟ್ಟದ ಮಟ್ಟಕ್ಕೆ ಇಳಿಸುವಾಗ ಅದನ್ನು ಹಡಗಿನ ಪಕ್ಕಕ್ಕೆ ಎಳೆದು ತರುವುದು ಮೊದಲನೆಯದು. ಅಲ್ಲಿಗೆ ಬಂದ ದೋಣಿಯನ್ನು ಮುಂದೆಯೂ ಹಿಂದೆಯೂ ರಾಟೆಹಗ್ಗದಿಂದ ಹಡಗಿಗೆ ಒತ್ತಿ ಹಿಡಿಯುವುದು ಎರಡನೆಯದು. ಎರಡನೆಯದನ್ನು ಬಿಗಿದ ಬಳಿಕ ಮೊದಲನೆಯದನ್ನು ಬಿಡಿಸಬೇಕು. ಜನ ಹತ್ತಿದ ಮೇಲೆ ಎರಡನೆಯದನ್ನು ಮೆಲ್ಲಗೆ ಸಡಿಲಿಸಿ, ದೋಣಿ ತನ್ನ ಮುಖ್ಯ ಹಗ್ಗಗಳಲ್ಲಿ ನೇರವಾಗಿ ತೂಗುವಂತೆ ಮಾಡಿ, ಆಮೇಲೆ ನೀರಿಗೆ ಇಳಿಸಬೇಕು. ಈ ಅನುಕ್ರಮ ತಪ್ಪಿದರೆ, ಒಂದನ್ನು ಬಿಡಿಸುವ ಬದಲು ಇನ್ನೊಂದನ್ನು ಬಿಡಿಸಿದರೆ, ದೋಣಿ ಜನರ ಸಮೇತ ಓಲಾಡಬಹುದು, ವಾಲಬಹುದು. ಸಾಮಾನ್ಯ ನಿಘಂಟಿನ ಕಣ್ಣಿಗೆ ‘ಟ್ರೈಸ್’ ಎಂದರೂ ಎಳೆ, ‘ಬೌಸ್’ ಎಂದರೂ ಎಳೆ. ಆದರೆ ಇಳಿಯುತ್ತಿರುವ ದೋಣಿಯಲ್ಲಿ ಅವುಗಳ ನಡುವಣ ಅಂತರ ಬದುಕು ಸಾವುಗಳ ಅಂತರ. ಭಾರತದ ಅಸಂಖ್ಯ ಯುವಕರು ಇಂದು ಪರದೇಶದ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುವವನು ಎರಡು ಪದಗಳಿಗೂ ‘ಎಳೆಯುವ ಹಗ್ಗ’ ಎಂದು ಬರೆದರೆ ಅದು ಕೇವಲ ಭಾಷಾಶೈಲಿಯ ದೋಷವಾಗಿ ಉಳಿಯುವುದಿಲ್ಲ.

ಭಾರತೀಯ ನಾವಿಕರ ಮಾತನ್ನು ಹೇಗೆ ದಾಖಲಿಸಬೇಕೆಂಬುದಕ್ಕೆ ಇತಿಹಾಸದಲ್ಲಿ ಮಾದರಿಯೂ ಇದೆ. ಥಾಮಸ್ ರೋಬಕ್ ಎಂಬ ಸೇನಾಧಿಕಾರಿ 1811ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷ್–ಹಿಂದೂಸ್ತಾನಿ ನೌಕಾಪದಕೋಶವೊಂದನ್ನು ಪ್ರಕಟಿಸಿದ. ಲಸ್ಕರರೆಂದು ಕರೆಯಲಾಗುತ್ತಿದ್ದ ಏಷ್ಯಾದ ನಾವಿಕರು ಹಡಗಿನಲ್ಲಿ ಬಳಸುತ್ತಿದ್ದ ಮಿಶ್ರಭಾಷೆ ಅದರ ವಸ್ತು. ಹಿಂದೂಸ್ತಾನಿ, ಅರಬ್ಬಿ, ಪಾರಸಿ, ಪೋರ್ಚುಗೀಸ್ ಮೊದಲಾದ ಭಾಷೆಗಳ ಪದಗಳು ಒಂದೇ ಅಟ್ಟದ ಮೇಲೆ ಕೂಡಿ ದುಡಿದ ಭಾಷೆಯದು. 1882ರಲ್ಲಿ ಜಾರ್ಜ್ ಸ್ಮಾಲ್ ಇದನ್ನು ಪರಿಷ್ಕರಿಸಿದ. ಆ ಕೋಶದ ಮಹತ್ವ ಇರುವುದು ಅದು ಬಿಡಿಪದಗಳಿಗೆ ನಿಲ್ಲದೆ ಅಪ್ಪಣೆಗಳನ್ನು ಸಂಗ್ರಹಿಸಿದ್ದರಲ್ಲಿ. ಇಂಥ ಸಂದರ್ಭದಲ್ಲಿ ಅಧಿಕಾರಿ ಹೀಗೆ ಕೂಗುತ್ತಾನೆ, ಅದಕ್ಕೆ ಸಮನಾದ ಲಸ್ಕರಿ ಮಾತು ಹೀಗೆ ಎಂಬುದು ಅದರ ಕ್ರಮ. ಅಪ್ಪಣೆ ಎಂದರೆ ಕಾರ್ಯರೂಪದಲ್ಲಿರುವ ಕ್ರಿಯಾಪದ. ಅದನ್ನು ತಪ್ಪು ತಿಳಿದರೆ ಹಗ್ಗ ತಪ್ಪು ಕೈಗೆ ಹೋಗುತ್ತದೆ. ವಸಾಹತು ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಕೃತಿಯಾದರೂ, ಕ್ರಿಯಾಪದವನ್ನು ಸಂದರ್ಭದಿಂದ ಕೀಳಬಾರದೆಂಬ ವಿವೇಕ ಅದರಲ್ಲಿತ್ತು.

ಕನ್ನಡದ ಕೋಶಪರಂಪರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಂಸ್ಕೃತದ ಕೋಶಗಳ ಹೆಸರುಗಳೇ ಅವುಗಳ ಗಮನ ಎಲ್ಲಿತ್ತೆಂಬುದನ್ನು ಹೇಳುತ್ತವೆ: ಅಮರಸಿಂಹನದು ‘ನಾಮಲಿಂಗಾನುಶಾಸನ’, ಧನಂಜಯನದು ‘ನಾಮಮಾಲಾ’. ಎರಡೂ ನಾಮಪದಗಳ ಕೋಶಗಳು. ಕನ್ನಡದಲ್ಲಿ ನಾಗವರ್ಮನ ‘ಅಭಿಧಾನವಸ್ತುಕೋಶ’ವೂ ಅದೇ ಹಾದಿಯದು. ಕಾವ್ಯರಚನೆಗೆ ನೆರವಾಗುವುದು ಈ ಕೋಶಗಳ ಮುಖ್ಯ ಪ್ರಯೋಜನವಾಗಿತ್ತು. ಒಂದು ವಸ್ತುವಿಗೆ ಹಲವು ಹೆಸರು ತಿಳಿದಿದ್ದರೆ ಕವಿಗೆ ಅನುಕೂಲ. ಪರ್ಯಾಯಪದದ ಕಲ್ಪನೆ ನಾಮಪದಕ್ಕೆ ಒಪ್ಪುತ್ತದೆ, ಏಕೆಂದರೆ ಹೆಸರು ಹಲವಾದರೂ ವಸ್ತು ಒಂದೇ ಆಗಿ ಹೊರಗೆ ನಿಂತಿರುತ್ತದೆ. ಕ್ರಿಯೆಗೆ ಹಾಗೆ ಹೊರಗೆ ನಿಂತ ವಸ್ತುವಿಲ್ಲ. ಮಾಡುವ ರೀತಿಯೇ ಅದರ ಸ್ವರೂಪ. ರೀತಿ ಬದಲಾದರೆ ಕ್ರಿಯೆಯೇ ಬದಲಾದಂತೆ. ನಾಮಪದಕ್ಕಾಗಿ ರೂಪುಗೊಂಡ ಪರ್ಯಾಯದ ಅಚ್ಚನ್ನು ಆಧುನಿಕ ದ್ವಿಭಾಷಾ ನಿಘಂಟುಗಳು ಕ್ರಿಯಾಪದಕ್ಕೂ ಬಳಸಿದ್ದೇ ಈ ತೊಡಕಿನ ಮೂಲವೆನ್ನಬೇಕು.

ಕ್ರಿಯಾಪದಗಳು ಹಿಂದಿನ ಪದ್ಧತಿಯಲ್ಲಿ ಕೋಶಕ್ಕಲ್ಲ, ವ್ಯಾಕರಣಕ್ಕೆ ಸೇರಿದ್ದವು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡ ಧಾತುಗಳ ಪಾಠವನ್ನೇ ಕೊಟ್ಟಿದ್ದಾನೆ. ಅಲ್ಲಿ ಧಾತುವಿನ ಅರ್ಥವನ್ನು ಸಂಸ್ಕೃತದ ಧಾತುಪಾಠದ ಮಾದರಿಯಲ್ಲಿ ಸಂಕ್ಷೇಪವಾಗಿ ಸೂಚಿಸುವುದು ಪದ್ಧತಿ. ಇದು ಗುರುತಿಗೆ ಸಾಕು, ವಿವರಣೆಗೆ ಸಾಲದು. ಕೇಶಿರಾಜನಿಗೂ ಅದು ಸಾಲದೆಂದು ತೋರಿರಬೇಕು. ಅಪರೂಪದ ಪದಗಳ ಅರ್ಥವನ್ನು ತಿಳಿಸುವ ‘ಪ್ರಯೋಗಸಾರ’ವನ್ನು ಅವನು ಕೃತಿಯ ಕೊನೆಯಲ್ಲಿ ಸೇರಿಸಿದ್ದಾನೆ. ಆ ಹೆಸರೇ ಒಂದು ನಿಲುವು. ಅಪರೂಪದ ಪದದ ಸಾರ ಇರುವುದು ಅದರ ಪ್ರಯೋಗದಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’ ಶಾಸನ ಮತ್ತು ಕಾವ್ಯಗಳಿಂದ ಪ್ರಯೋಗಗಳನ್ನು ಉದ್ಧರಿಸುತ್ತ ಇದೇ ನಿಲುವನ್ನು ವಿಸ್ತಾರವಾಗಿ ನಡೆಸಿಕೊಟ್ಟಿತು. ಆದರೆ ಬರೆಹಕ್ಕೆ ಬಾರದ ಕಸುಬಿನ ಪ್ರಯೋಗ ಗ್ರಂಥಮೂಲದ ನಿಘಂಟಿಗೆ ಸುಲಭವಾಗಿ ಎಟುಕುವುದಿಲ್ಲ. ಕಾವ್ಯದಲ್ಲಿ ಕತ್ತಿ ಹಿರಿದವರು ನೂರಾರು. ರಾಟೆಹಗ್ಗ ಬಿಗಿದವರು ವಿರಳ.

ಕನ್ನಡದ ಎಳೆತದ ಧಾತುಗಳನ್ನು ಮೇಲಿನ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಿದರೆ ಈ ಭಾಷೆಯ ಸೂಕ್ಷ್ಮತೆ ಇಂಗ್ಲಿಷ್ ನಾವಿಕರದಕ್ಕಿಂತ ಕಡಿಮೆಯದಲ್ಲವೆಂಬುದು ತಿಳಿಯುತ್ತದೆ. ಹಳಗನ್ನಡದಲ್ಲಿ ‘ಎೞೆ’ ಎಂದಿದ್ದ ‘ಎಳೆ’ ನೆಲದ ಮೇಲೆ ತನ್ನತ್ತ ಸಾಗಿಸುವ, ನಿರಂತರವಾದ ಕ್ರಿಯೆ: ತೇರು ಎಳೆ, ಬಂಡಿ ಎಳೆ, ಗೆರೆ ಎಳೆ. ‘ಸೇದು’ ಆಳದಿಂದ ಮೇಲಕ್ಕೆ, ಸಾಮಾನ್ಯವಾಗಿ ದ್ರವವನ್ನು. ‘ಹಿರಿ’ ಎಂದರೆ ಸಿಕ್ಕಿಸಿಟ್ಟದ್ದನ್ನು ಅದರ ನೀಳಕ್ಕೆ ಹೊರತೆಗೆಯುವುದು: ಒರೆಯಿಂದ ಕತ್ತಿ ಹಿರಿ; ಉಂಡ ಮನೆಯ ಗಳ ಹಿರಿ. ‘ಕೀಳು’ ಎಂದರೆ ಬೇರೂರಿದ್ದನ್ನು ಬೇರ್ಪಡಿಸುವುದು: ಗೂಟ ಕೀಳು, ಹಲ್ಲು ಕೀಳು. ‘ಸೆಳೆ’ ವೇಗವುಳ್ಳದ್ದು, ಎಷ್ಟೋ ಸಲ ಕೈಯೇ ಇಲ್ಲದ್ದು. ಹೊಳೆಯ ಸೆಳವಿಗೆ ಕೈಯಿಲ್ಲ, ಮನಸ್ಸನ್ನು ಸೆಳೆಯುವ ರೂಪಕ್ಕೂ ಇಲ್ಲ. ‘ಜಗ್ಗು’ ಎಂದರೆ ಎದುರು ಬಲವೊಂದಿರುವ ಎಳೆತ; ಆದ್ದರಿಂದಲೇ ಹಗ್ಗಜಗ್ಗಾಟ, ಆದ್ದರಿಂದಲೇ ಒತ್ತಡಕ್ಕೆ ಮಣಿಯದವನನ್ನು ‘ಯಾವುದಕ್ಕೂ ಜಗ್ಗದವನು’ ಎನ್ನುವುದು. ಎಳೆಯುವುದೂ ಎಳೆತಕ್ಕೆ ಮಣಿಯುವುದೂ ಒಂದೇ ಧಾತುವಿನಲ್ಲಿ ಕೂಡಿರುವುದು ಗಮನಾರ್ಹ.

ಇಂಗ್ಲಿಷಿನ ‘ಡ್ರಾ’ ಎಂಬ ಒಂದೇ ಪದ ನೀರಿಗೂ ಕತ್ತಿಗೂ ಗೆರೆಗೂ ಉಸಿರಿಗೂ ಸಲ್ಲುತ್ತದೆ. ಕನ್ನಡ ಅಲ್ಲಿ ಸೇದುತ್ತದೆ, ಹಿರಿಯುತ್ತದೆ, ಎಳೆಯುತ್ತದೆ. ಹಗ್ಗದ ವಿಷಯದಲ್ಲಿ ಅವರಲ್ಲಿ ಹಲವಿದ್ದು ನಮ್ಮಲ್ಲಿ ಕೆಲವಿದ್ದರೆ, ಬಾವಿ ಮತ್ತು ಒರೆಗಳ ವಿಷಯದಲ್ಲಿ ನಮ್ಮಲ್ಲಿ ಹಲವು. ಯಾವ ಭಾಷೆ ಶ್ರೀಮಂತ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಯಾವ ಕೈ ಯಾವ ಕೆಲಸದಲ್ಲಿ ಹೆಚ್ಚು ಕಾಲ ಪಳಗಿತು ಎಂಬುದಷ್ಟೇ ಪ್ರಶ್ನೆ. ಎತ್ತುಗಳಿಂದ ಬಾವಿಯ ನೀರೆತ್ತುವ ಕಪಿಲೆಯಲ್ಲಿ ರಾಟೆಯಿದೆ, ಹಗ್ಗವಿದೆ, ಎಳೆತವಿದೆ. ಆದರೂ ರೈತ ಕಪಿಲೆಯನ್ನು ‘ಎಳೆದ’ ಎನ್ನುವುದಿಲ್ಲ, ‘ಹೊಡೆದ’ ಎನ್ನುತ್ತಾನೆ. ಅವನ ಕೈ ಹಗ್ಗದ ಮೇಲಿಲ್ಲ, ಎತ್ತಿನ ಮೇಲಿದೆ. ಕ್ರಿಯಾಪದ ಯಂತ್ರವನ್ನಲ್ಲ, ದುಡಿಯುವವನ ಕೈಯನ್ನು ಹಿಂಬಾಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ‘ಬೌಸ್’ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೂರು ದಾರಿಗಳಿವೆ. ಮೊದಲನೆಯದು ‘ಎಳೆ’ ಎಂದು ಬಿಡುವುದು. ಅದರ ಕೊರತೆಯನ್ನು ಈಗಾಗಲೇ ನೋಡಿದ್ದಾಯಿತು. ಎರಡನೆಯದು ‘ಯಂತ್ರಾಕರ್ಷಣೆ’ ಎಂಬಂಥ ಸಂಸ್ಕೃತ ಸಮಾಸವನ್ನು ಹೊಸೆಯುವುದು. ಅಂಥ ಪದ ನಿಘಂಟಿನಲ್ಲಿ ಹುಟ್ಟಿ ನಿಘಂಟಿನಲ್ಲಿಯೇ ಮಡಿಯುತ್ತದೆ. ಗಾಳಿಗೆ ಎದುರಾಗಿ ಕೂಗಿ ಹೇಳಬೇಕಾದ ಅಪ್ಪಣೆ ಐದು ಅಕ್ಷರದ ಸಮಾಸವಾಗಲಾರದು. ಮೂರನೆಯ ದಾರಿ ಕನ್ನಡದ ಜಾಯಮಾನದ್ದು. ಇಂಗ್ಲಿಷ್ ಕ್ರಿಯೆಯ ರೀತಿಯನ್ನು ಎಷ್ಟೋ ಸಲ ಧಾತುವಿನೊಳಗೇ ಅಡಗಿಸುತ್ತದೆ. ಕನ್ನಡ ರೀತಿಯನ್ನು ಕೃದಂತಾವ್ಯಯವಾಗಿ ಮುಂದಿಟ್ಟು ಮುಖ್ಯ ಧಾತುವನ್ನು ಹಿಂದಿಡುತ್ತದೆ: ಬಿಗಿದು ಎಳೆ, ಜಗ್ಗಿ ಎಳೆ, ಎತ್ತಿ ಕಟ್ಟು. ಈ ಕ್ರಮದಲ್ಲಿ ‘ಬೌಸ್’ ಎಂಬುದು ‘ರಾಟೆಹಗ್ಗದಿಂದ ಬಿಗಿದೆಳೆ’. ‘ರೌಸ್’ ಎಂಬುದು ‘ಬರಿಗೈಯಿಂದ ಜಗ್ಗಿ ಎಳೆ’. ‘ಟ್ರೈಸ್’ ಎಂಬುದು ‘ಎಳೆದೆತ್ತಿ ಕಟ್ಟು’. ಒಂದು ಪದಕ್ಕೆ ಒಂದೇ ಪದ ಎಂಬ ಹಟವನ್ನು ಬಿಟ್ಟರೆ ಅರ್ಥ ಉಳಿಯುತ್ತದೆ. ಎರಡು ಧಾತುಗಳು ಬೇಕಾದುದು ಭಾಷೆಯ ಬಡತನವಲ್ಲ, ಅದರ ವಾಕ್ಯರಚನೆಯ ಸ್ವಭಾವ.

ಸಾಧನದ ಹೆಸರುಗಳ ಮಾತು ಬೇರೆ. ‘ಬೌಸಿಂಗ್ ಟ್ಯಾಕಲ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು. ದುಡಿಯುವವನು ಹಡಗಿನಲ್ಲಿ ಕೇಳುವ ಹೆಸರು ಅದೇ. ‘ಲಂಗರು’ ಪಾರಸಿಯಿಂದ ಬಂದು ಕನ್ನಡವಾಗಿಲ್ಲವೇ? ನಾಮಪದ ಎರವಲು ಬರಲಿ, ಕ್ರಿಯೆಯ ವಿವರಣೆ ಕನ್ನಡದಲ್ಲಿರಲಿ ಎಂಬುದು ಇಲ್ಲಿ ಒಪ್ಪುವ ಸೂತ್ರ.

ಅಪರೂಪದ ಪದಗಳಿಗೆ ಸಾಮಾನ್ಯ ನಿಘಂಟಿನಲ್ಲಿ ಇಷ್ಟು ಜಾಗ ಕೊಡಲಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಪುಟಗಳಿಗೆ ಮಿತಿಯುಂಟು. ಆದರೆ ಜಾಗದ ಕೊರತೆ ಸಮಾನಾರ್ಥಕಪಟ್ಟಿಯ ಸಮರ್ಥನೆಯಾಗಲಾರದು. ‘ಎಳೆ, ಸೆಳೆ, ಜಗ್ಗು’ ಎಂಬ ಮೂರು ಪದಗಳಿಗೂ ‘ರಾಟೆಹಗ್ಗದಿಂದ ಬಿಗಿದೆಳೆ’ ಎಂಬುದಕ್ಕೂ ಬೇಕಾಗುವ ಜಾಗ ಹೆಚ್ಚುಕಡಿಮೆ ಒಂದೇ. ಒಂದೇ ಸಾಲಿನಲ್ಲಿ ಅರ್ಥವನ್ನು ಕೊಡಬಹುದಾದಾಗ ಅದನ್ನು ಬಿಟ್ಟು ಅರ್ಥದ ನೆರೆಹೊರೆಯವರನ್ನು ಕರೆದು ನಿಲ್ಲಿಸುವುದು ಮಿತವ್ಯಯವಲ್ಲ.

ಈ ಮಾತು ಕೇವಲ ಪರಭಾಷೆಯ ಪದಗಳಿಗೆ ಸಂಬಂಧಿಸಿದ್ದಲ್ಲ. ಕರ್ನಾಟಕದ ಕರಾವಳಿಯಲ್ಲಿ ಹಗ್ಗದ ಕಸುಬೊಂದು ಕಣ್ಣೆದುರೇ ಕುಗ್ಗಿದೆ. ರಂಪಣಿ ಎಂಬ ಭಾರಿ ಬಲೆಯನ್ನು ದೋಣಿಯಿಂದ ಕಡಲಿನಲ್ಲಿ ಬಿಲ್ಲಿನಾಕಾರಕ್ಕೆ ಬಿಟ್ಟು, ಎರಡು ತುದಿಗಳ ಹಗ್ಗಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಮೀನುಗಳ ಕಾಲದಲ್ಲಿ ಊರಿಗೆ ಊರೇ ಆ ಹಗ್ಗಕ್ಕೆ ಕೈಯಿಕ್ಕುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿ ಹಿಂದೆ ಸರಿಯಿತು. ಅದರ ಕಿರಿಯ ರೂಪವಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಇಂಥ ಎಳೆತದಲ್ಲಿ ಹಲವು ಹಂತಗಳಿವೆ. ಎರಡು ಕಡೆಯವರು ಸಮಗತಿಯಲ್ಲಿ ನಡೆಯಬೇಕು. ಭಾರ ಕಟ್ಟಿದ ಕೆಳಹಗ್ಗ ಮರಳಿನಿಂದ ಮೇಲೇಳದಂತೆ, ತೇಲುಗಳಿರುವ ಮೇಲ್ಹಗ್ಗ ಮುಳುಗದಂತೆ ಎಚ್ಚರ ವಹಿಸಬೇಕು. ಬಲೆ ದಡಕ್ಕೆ ಬಂದಂತೆ ಬಲವೂ ಗತಿಯೂ ಬದಲಾಗಬೇಕು. ಬದಲಾಗುವ ಪ್ರತಿಯೊಂದು ಹಂತಕ್ಕೂ ಕೂಗಿ ಹೇಳುವ ಮಾತೊಂದಿರಬೇಕಾದುದು ಕೂಡುದುಡಿಮೆಯ ಸಹಜ ಅಗತ್ಯ.

ಆ ಮಾತುಗಳನ್ನು ಸಂಗ್ರಹಿಸುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವಲ್ಲವೆಂದು ತಿಳಿಯಬಾರದು. 1894ರಲ್ಲಿ ಕಿಟೆಲ್ ಅವರ ಕೋಶ ಹೊರಬಂದುದು ಕಡಲದಂಡೆಯ ಮಂಗಳೂರಿನಿಂದಲೇ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ಆರು ಸಂಪುಟಗಳ ‘ತುಳು ನಿಘಂಟು’ ಆಡುಮಾತಿನ ಸಂಪತ್ತನ್ನು ಕ್ಷೇತ್ರಕಾರ್ಯದಿಂದ ಕೋಶಕ್ಕೆ ತರಬಹುದೆಂಬುದನ್ನು ತೋರಿಸಿಕೊಟ್ಟಿದೆ. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಸಮುದಾಯಗಳ ಹಿರಿಯರಲ್ಲಿ ರಂಪಣಿಯ ಹಗ್ಗ ಹಿಡಿದ ಕೈಗಳು ಇನ್ನೂ ಇವೆ. ತುಳು, ಕೊಂಕಣಿ, ಕರಾವಳಿ ಕನ್ನಡಗಳು ಆ ಕೈಗಳ ಭಾಷೆ. ಅವರನ್ನು ಕಾಣಲು ಹೋಗುವ ಸಂಶೋಧಕ ‘ಎಳೆಯುವುದಕ್ಕೆ ನೀವು ಏನೆನ್ನುತ್ತೀರಿ’ ಎಂದು ಕೇಳಿದರೆ ಒಂದು ಪದವನ್ನು ಪಡೆದ ತೃಪ್ತಿಯಿಂದ ಹಿಂದಿರುಗುತ್ತಾನೆ. ‘ಬಲೆ ಭಾರವಾದಾಗ ಏನೆಂದು ಕೂಗುತ್ತಿದ್ದಿರಿ, ಎಡದವರು ಹಿಂದುಳಿದರೆ ಏನು, ಕೊನೆಯ ಮಾರು ಉಳಿದಾಗ ಏನು’ ಎಂದು ಕೇಳಿದರೆ ಒಂದು ಪ್ರಯೋಗಸಾರವೇ ಸಿಗುತ್ತದೆ.

ಕನ್ನಡ ವಿಭಾಗಗಳ ಪ್ರಬಂಧವಿಷಯಗಳಲ್ಲಿ ಒಂದೇ ಕವಿಯ ಮೇಲೆ ಹತ್ತು ಪ್ರಬಂಧಗಳು ಬರುತ್ತಿರುವಾಗ, ಒಂದು ಕಸುಬಿನ ಕ್ರಿಯಾಪದಗಳ ಮೇಲೆ ಒಂದು ಪ್ರಬಂಧ ಬಂದರೆ ಕಾವ್ಯಕ್ಕೇನೂ ಕುಂದಾಗದು. ಹಳಗನ್ನಡದ ಧಾತುಗಳ ಅರ್ಥನಿರ್ಣಯಕ್ಕೂ ಅದರಿಂದ ನೆರವು ದೊರೆತೀತು. ಗ್ರಂಥದಲ್ಲಿ ಅಸ್ಪಷ್ಟವಾದದ್ದು ಎಷ್ಟೋ ಸಲ ಗದ್ದೆಯಲ್ಲಿ, ಕಡಲದಂಡೆಯಲ್ಲಿ ಸ್ಪಷ್ಟವಾಗಿರುತ್ತದೆ. ‘ಬೌಸ್’ ಎಂಬ ಪದ ಉಳಿದುದು ಅದಕ್ಕೆ ಸಮಾನಾರ್ಥಕಗಳು ಇದ್ದುದರಿಂದಲ್ಲ. ಯಾವ ಪದವೂ ಅದಕ್ಕೆ ಸಮಾನಾರ್ಥಕವಲ್ಲವೆಂದು ಬಲ್ಲ ನಾವಿಕನೊಬ್ಬ ಅದರ ರಾಟೆಯನ್ನೂ ಹಗ್ಗವನ್ನೂ ಸೇರಿಸಿ ಬರೆದಿಟ್ಟುದರಿಂದ. ರಂಪಣಿಯ ಮಾತುಗಳಿಗೆ ಅಂಥ ಬರೆಹ ಸಲ್ಲಬೇಕಾದ ಕಾಲವಿದು.